ಕಂಬ ಅದರ ಎತ್ತರಕ್ಕೇ ನಿಲ್ಲಲಿ

ಸೋಮವಾರ, ಬೆಳಗಿನ ಐದೂವರೆ. ಮೇ ತಿಂಗಳ ನಾಗಪುರದಲ್ಲಿ ಇದೊಂದೇ ಹೊತ್ತು ತಲೆ ತಣ್ಣಗಿರುವುದು, ಅದೂ ಕುಮುದಾ ಹಿರೇಮಠರ ಪಾಲಿಗಿಲ್ಲ. ಬಜಾಜ್ ನಗರದ ಮನೆಯ ಅಡುಗೆಮನೆಯಲ್ಲಿ ಕೂಲರ್ ಗರಗರ ಎನ್ನುತ್ತಿದೆ. ನೆನೆಹಾಕಿದ ಅವಲಕ್ಕಿಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಅವರು ಲ್ಯಾಪ್‌ಟಾಪನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಪರದೆಯ ಮೇಲೆ ಹತ್ತು ವಾರಗಳ ಹತ್ತು ಕಂಬಗಳು. ಆದರೆ ಒಂದನೇ ವಾರದ ಪಕ್ಕದಲ್ಲೇ ಹತ್ತನೇ ವಾರ ಬಂದು ನಿಂತುಬಿಟ್ಟಿದೆ.

"ನೋಡ್ರಿ ಈ ಶಾಣ್ಯಾನ್ನ. ಒಂದು ಆದಮ್ಯಾಲೆ ಹತ್ತಂತ, ಆಮ್ಯಾಲೆ ಎರಡಂತ. ಹದಿನಾಲ್ಕು ವರ್ಷ ಆತು, ಇದಕ್ಕ ಇನ್ನೂ ಎಣಿಸಾಕ ಬರವಲ್ದು" ಎಂದು ಕುಮುದಾ ಹಲ್ಲು ಕಡಿಯುತ್ತಾರೆ.

'ಶಾಣ್ಯಾ', ಅಂದರೆ ಈ ಜಾಣ, 'ಆರ್' ಎಂಬ ಒಂದಕ್ಷರದ ಹೆಸರಿನ ತಂತ್ರಾಂಶ. ಅಂಕಿಅಂಶಗಳನ್ನು ಚಿತ್ರ ಮಾಡಿಕೊಡುತ್ತದೆ, ಆದರೆ ಪ್ರತಿಯೊಂದನ್ನೂ ಟೈಪ್ ಮಾಡಿ ಹೇಳಬೇಕು. ವಾರದ ಸಂಖ್ಯೆಯನ್ನು ಅದು ಹೆಸರೆಂದು ತಿಳಿದು ಅಕ್ಷರಕ್ರಮದಲ್ಲಿ ಜೋಡಿಸುತ್ತದೆ, 1ರಿಂದ ಶುರುವಾಗುವ 10 ಅದಕ್ಕೆ 2ಕ್ಕಿಂತ ಮೊದಲು. ಸಂಖ್ಯೆ ಕಣಪ್ಪಾ ಎಂದು ತಿಳಿಹೇಳಿದರೆ ಮಾತ್ರ ಸಾಲು ಸರಿಹೋಗುತ್ತದೆ. ಒಂದು ಅಲ್ಪವಿರಾಮ ಬಿಟ್ಟುಹೋದರೆ ಚಿತ್ರವೇ ಇಲ್ಲ, ಕೆಂಪಕ್ಷರದ ಬೈಗುಳ ಮಾತ್ರ. ಅವರ ಕೆಲಸ ನೋಡಲು ಬಂದು ಅರ್ಧ ಗಂಟೆ ಪಕ್ಕದಲ್ಲಿ ಕುಳಿತಿದ್ದಕ್ಕೇ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಕುಮುದಾ ಊರಿನ ಒಂದು ಆರೋಗ್ಯ ಕಚೇರಿಯಲ್ಲಿ ಗುತ್ತಿಗೆಯ ಅಂಕಿಅಂಶ ಸಹಾಯಕಿ. ವಯಸ್ಸು ನಲವತ್ತೇಳು. ತಂದೆ ಗುರುಸಿದ್ದಪ್ಪ ರೈಲ್ವೆಯಲ್ಲಿ ಗದಗಿನಿಂದ ವರ್ಗವಾಗಿ ಬಂದವರು, ಈಗಿಲ್ಲ. ಮನೆಯಲ್ಲಿ ಇವರೂ ತಾಯಿ ಲಕ್ಷ್ಮವ್ವನೂ. ಭಾನುವಾರದ ಹೊತ್ತಿಗೆ ಮೂವತ್ತೆಂಟು ದವಾಖಾನೆಗಳಿಂದ ರೋಗಿಗಳ ಸಂಖ್ಯೆ ಬರುತ್ತದೆ. ಅದನ್ನು ಒಂದೊಂದು ಬಡಾವಣೆಗೆ ಒಂದೊಂದು ಹಾಳೆಯಂತೆ ಚಿತ್ರ ಮಾಡಿ ಸೋಮವಾರ ಹತ್ತರ ಸಭೆಗೆ ಕೊಡಬೇಕು. ಒಂದು ಕಂಬವೆಂದರೆ ಒಂದು ವಾರ. ಕಂಬದೊಳಗೆ ಒಂದರ ಮೇಲೊಂದು ಕೂತ ತುಂಡುಗಳು: ಬುಡದಲ್ಲಿ ವಾಂತಿ-ಭೇದಿ, ನಡುವೆ ಜ್ವರ, ತುದಿಯಲ್ಲಿ ಬಿಸಿಲಿನ ಹೊಡೆತ.

ವಾಂತಿ-ಭೇದಿ ಬುಡದಲ್ಲೇ ಯಾಕೆ? "ನೆಲದ ಮ್ಯಾಲೆ ನಿಂತದ್ದನ್ನ ಅಷ್ಟ ಕಣ್ಣು ಬರೋಬರ್ ಅಳೀತದ್ರಿ. ನಡುವ ತೂಗಾಡೋದು ಹೆಚ್ಚಾತೋ ಕಡಿಮಿ ಆತೋ ಯಾರಿಗೂ ತಿಳಿಯಂಗಿಲ್ಲ."

ಬಣ್ಣದ್ದು ಇನ್ನೊಂದು ಗೋಳು. ಮೊದಲೆಲ್ಲ ಕೆಂಪು, ಹಸಿರು, ನೀಲಿ ಹಾಕುತ್ತಿದ್ದರಂತೆ. ಸಭೆಗೆ ಹೋಗುವುದು ಕಪ್ಪುಬಿಳುಪು ಝೆರಾಕ್ಸ್. ಅದರಲ್ಲಿ ಕೆಂಪೂ ಬೂದಿ, ಹಸಿರೂ ಬೂದಿ. ಅದಕ್ಕೇ ಈಗ ಗಾಢದಿಂದ ತಿಳಿಗೆ ಇಳಿಯುವ ಒಂದೇ ಬಣ್ಣ ಬಳಸುತ್ತಾರೆ. ಇಷ್ಟೆಲ್ಲ ಮಾಡಿದವರ ಹೆಸರು ಹಾಳೆಯ ಮೇಲೆ ಎಲ್ಲೂ ಇಲ್ಲ. ಕೆಳಗೆ 'ಕಚೇರಿ ದಾಖಲೆ' ಎಂದಿರುತ್ತದೆ, ಮುಗಿಯಿತು.

ಏಳು ಗಂಟೆಗೆ ಫೋನ್. ಕಚೇರಿಯ ಸಾಹೇಬರು. ನಿನ್ನೆ ಕಳಿಸಿದ ಕರಡು ನೋಡಿದ್ದಾರೆ. ಮಹಾಲ್ ಭಾಗದ ಹಾಳೆಯಲ್ಲಿ ಕೊನೆಯ ಕಂಬಗಳು ಮಾತ್ರ ಉದ್ದ, ಉಳಿದೆಡೆ ಹಾಳೆ ಖಾಲಿ. ಚೆನ್ನಾಗಿ ಕಾಣುವುದಿಲ್ಲವಂತೆ. "ಸಗಳೇ ಬಾರ್ ಸಾರಖೇ ಕರಾ" ಎನ್ನುತ್ತಾರೆ, ಅಂದರೆ ಎಲ್ಲ ಕಂಬ ಒಂದೇ ಸಮ ಮಾಡಿ. ಕುಮುದಾ "ಹೋ ಸರ್", ಆಯ್ತು ಸರ್, ಎಂದು ಫೋನ್ ಇಡುತ್ತಾರೆ. ಇಟ್ಟ ಮೇಲೆ ಅವಲಕ್ಕಿಯ ಪಾತ್ರೆಯ ಮುಚ್ಚಳವನ್ನು ಬೇಕಿಲ್ಲದಷ್ಟು ಜೋರಾಗಿ ಮುಚ್ಚುತ್ತಾರೆ.

ಒಂದೇ ಸಮ ಮಾಡುವುದು ಕಷ್ಟವಲ್ಲ, ಒಂದೇ ಪದ ಬದಲಿಸಿದರೆ ಸಾಕು. ಆಗ ಕಂಬ ಎಷ್ಟು ಜನ ಎಂದು ಹೇಳುವುದಿಲ್ಲ, ನೂರಕ್ಕೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಹತ್ತು ಜನ ಮಲಗಿದ ವಾರವೂ ನೂರು ಜನ ಮಲಗಿದ ವಾರವೂ ಒಂದೇ ಎತ್ತರ.

ಹೋದ ವರ್ಷ ಆದದ್ದೇ ಅದು. ಮಹಾಲಿನ ಒಂದು ಗಲ್ಲಿಯಿಂದ ವಾಂತಿ-ಭೇದಿಯವರು ವಾರಕ್ಕೆ ಹನ್ನೆರಡು, ಮೂವತ್ತೊಂದು, ಐವತ್ತೆಂಟು ಎಂದು ಏರಿದ್ದರು. ಜ್ವರದವರೂ ಬಿಸಿಲಿನ ಹೊಡೆತದವರೂ ಅದೇ ಪ್ರಮಾಣದಲ್ಲಿ ಏರಿದ್ದರಿಂದ ಪಾಲು ಬದಲಾಗಲಿಲ್ಲ. ಸಾಹೇಬರ ಮಾತಿನಂತೆ ಸಮ ಮಾಡಿದ ಹಾಳೆಯಲ್ಲಿ ಮೂರು ವಾರವೂ ಅಚ್ಚೊತ್ತಿದಂತೆ ಒಂದೇ. ಸಭೆಯಲ್ಲಿ ಯಾರೂ ಏನೂ ಕೇಳಲಿಲ್ಲ. ನಾಲ್ಕನೇ ವಾರ ಯಾರೋ ದೂರು ಕೊಟ್ಟ ಮೇಲೆ ನೆಲ ಅಗೆದು ನೋಡಿದರೆ ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರುತ್ತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು.

ಕಚೇರಿಯ ಜವಾನ ಸುನೀಲ್ ಅದೇ ಗಲ್ಲಿಯವರು. ಅವರ ಹೆಂಡತಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮೂರೂ ವಾರದ ಹಾಳೆಗಳನ್ನು ಝೆರಾಕ್ಸ್ ಮಾಡಿ ಸಭೆಯ ಮೇಜಿನ ಮೇಲಿಟ್ಟವರು ಸುನೀಲರೇ. "ಅಂವಾ ನನಗ ಏನೂ ಅನ್ನಲಿಲ್ರಿ. 'ತಾಈ, ಮೀಚ್ ಠೇವಲಾ ಹೋತಾ ಕಾಗದ್' ಅಂದ. ನಾನೇ ಇಟ್ಟಿದ್ದೆ ಕಾಗದಾ ಅಂತ. ಬೈದಿದ್ರ ಚಲೋ ಇತ್ತು" ಎನ್ನುತ್ತಾರೆ ಕುಮುದಾ. ಅವರ ಕಣ್ಣು ತುಂಬುತ್ತದೆ.

ಈ ವರ್ಷ ಮಹಾಲಿನ ಕೊನೆಯ ಮೂರು ವಾರ ವಾಂತಿ-ಭೇದಿ ಒಂಬತ್ತು, ಹದಿನೇಳು, ಇಪ್ಪತ್ತಾರು. ಜ್ವರವೂ ಜೊತೆಗೇ ಏರಿದೆ. ಮತ್ತೆ ಅದೇ ದಾರಿ, ಮತ್ತೆ ಅದೇ ಸಾಹೇಬರು.

ಈ ಮನೆಯಲ್ಲೊಂದು ಪದ್ಧತಿಯಿದೆ. ಕಚೇರಿಗೆ ಹೋಗುವ ಮುನ್ನ ಪ್ರತಿ ಹಾಳೆಯೂ ಲಕ್ಷ್ಮವ್ವನ ಕೈ ದಾಟಬೇಕು. ಎಪ್ಪತ್ತೆಂಟರ ಈ ಅಜ್ಜಿಗೆ ಮರಾಠಿ ಅಕ್ಷರ ಬರುವುದಿಲ್ಲ, ಇಂಗ್ಲಿಷ್ ಅಂತೂ ಇಲ್ಲ. ಮಗಳು ಕೇಳುವುದು ಒಂದೇ ಪ್ರಶ್ನೆ. ಕುಮುದಾ ಸಮ ಮಾಡಿದ ಹಾಳೆಯನ್ನು ಮುದ್ರಿಸಿ ಮೊದಲು ಅದನ್ನು ಕೊಡುತ್ತಾರೆ.

"ಅವ್ವಾ, ಇದರಾಗ ಕೆಟ್ಟ ವಾರ ಯಾವ್ದು?"

ಲಕ್ಷ್ಮವ್ವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. "ಎಲ್ಲಾ ಒಂದ ಸಮ ಅದಾವಲ್ಲ. ಯಾರಿಗೂ ಏನೂ ಆಗಿಲ್ಲ, ಆರಾಮ ಅದಾರ. ಚಲೋ ಆತು ಬಿಡು."

ಕುಮುದಾ ಆ ಹಾಳೆಯನ್ನು ಎರಡಾಗಿ ಹರಿಯುತ್ತಾರೆ. ಎತ್ತರ ಇದ್ದ ಹಾಗೇ ಉಳಿಸಿದ ಇನ್ನೊಂದನ್ನು ಕೊಡುತ್ತಾರೆ. ಅಜ್ಜಿಯ ಬೆರಳು ತಡಮಾಡದೆ ಕೊನೆಯ ಕಂಬದ ಮೇಲೆ ನಿಲ್ಲುತ್ತದೆ. "ಅಯ್ಯ ಶಿವನೇ, ಇಲ್ಲೇನಾಗೇತಿ?"

ಹತ್ತರ ಸಭೆಗೆ ಆ ಎರಡನೇ ಹಾಳೆಯೇ ಹೋಗುತ್ತದೆ. ಝೆರಾಕ್ಸ್ ಮಾಡುವವರು ಸುನೀಲ್. ಒಳಗೆ ಬಿಡುವುದು ದೊಡ್ಡವರನ್ನು ಮಾತ್ರ, ಕುಮುದಾ ಹೊರಗಿನ ಬೆಂಚಿನಲ್ಲಿ ಬ್ಯಾಗು ತಬ್ಬಿಕೊಂಡು ಕೂರುತ್ತಾರೆ. ಗುತ್ತಿಗೆ ಜೂನ್‌ನಲ್ಲಿ ಮುಗಿಯುತ್ತದೆ, ಮುಂದುವರಿಸಲು ಸಹಿ ಹಾಕಬೇಕಾದವರು ಅದೇ ಸಾಹೇಬರು. ಹೆದರಿಕೆ ಇಲ್ಲವೇ ಎಂದರೆ, "ಐತಿ. ಯಾಕಿಲ್ಲ? ಆದ್ರ ಸುನೀಲನ ಮುಂದ ಇನ್ನೊಮ್ಮೆ ನಿಂದ್ರೂದು ನನ್ನ ಕೈಲಿ ಆಗಂಗಿಲ್ರಿ" ಎನ್ನುತ್ತಾರೆ.

ಹನ್ನೊಂದೂಕಾಲಿಗೆ ಸುನೀಲ್ ಚಹಾದ ಟ್ರೇ ಹಿಡಿದು ಹೊರಬರುತ್ತಾರೆ. ಒಳಗೆ ನೀರಿನ ವಿಭಾಗದವರು ಹಾಳೆಯ ಮೇಲೆ ಬೆರಳಿಟ್ಟು 'ಯೇ ಕ್ಯಾ ಹೈ?', ಇದೇನು, ಎಂದು ಕೇಳಿದರಂತೆ. ಮಧ್ಯಾಹ್ನವೇ ಪೈಪು ನೋಡಲು ಜನ ಹೋಗುತ್ತಾರಂತೆ.

"ಕೇಳಿದ್ರಂತ" ಎಂದು ಕುಮುದಾ ನನ್ನ ಕಡೆ ತಿರುಗುತ್ತಾರೆ. "ಅಷ್ಟ ಬೇಕಾಗಿತ್ರಿ. ಯಾರರ ಒಬ್ರು ಕೇಳಬೇಕಿತ್ತು."

ಸಭೆ ಮುಗಿಸಿ ಬಂದ ಸಾಹೇಬರು ಬೆಂಚಿನ ಮುಂದೆ ನಿಲ್ಲುತ್ತಾರೆ. ಹೇಳಿದ್ದನ್ನು ಮಾಡಲಿಲ್ಲವೆಂಬ ಸಿಟ್ಟು ಮುಖದಲ್ಲಿದೆ, ಆದರೆ ಒಳಗೆ ನೀರಿನ ವಿಭಾಗದವರು ಹಾಳೆಯನ್ನು ಹೊಗಳಿದ್ದಾರಂತೆ, ಬೈಯುವುದು ಹೇಗೆ? ಕೊನೆಗೆ, ಬಣ್ಣ ತೀರಾ ಮಂಕಾಗಿದೆ, ಮುಂದಿನ ವಾರ ಬದಲಿಸಿ ಎಂದು ಹೇಳಿ ನಡೆಯುತ್ತಾರೆ.

ಕುಮುದಾ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆಯುತ್ತಾರೆ. "ಬಣ್ಣ ಏನು, ಬೇಕಾದ್ದು ಹಚ್ತೀನ್ರಿ. ಎತ್ತರ ಮಾತ್ರ ನಾ ಮುಟ್ಟಂಗಿಲ್ಲ."