ಮ್ಯಾಲ ಹೋಗಿ ಬಂದ ಜ್ವಾಳ

ನಮ್ಮಣ್ಣನ ಮುಂದಿನ ಹಲ್ಲು ಮುರದಾಕಿ ನಾನಽ. ಯಾರರೆ ಕೇಳಿದ್ರ ಬಾವಿ ಕಟ್ಟಿ ಮ್ಯಾಲಿಂದ ಬಿದ್ದೀನಿ ಅಂತಾನ. ಬಿದ್ದಿಲ್ಲ. ಜ್ವಾಳದ ತೆನಿ ಬಡಿಯೋ ಬಡಗಿ ತಗೊಂಡು ನಾ ಹೊಡದೀನಿ. ಇದನ್ನ ಕನ್ನಡದಾಗ ಬರದ್ರ ನಮ್ಮ ಮನ್ಯಾಗ ಯಾರೂ ಓದಂಗಿಲ್ಲ. ಅಣ್ಣ ಸಾಲಿ ಮಾರಿ ನೋಡಿಲ್ಲ. ಮಗಳು ಮರಾಠಿ ಸಾಲ್ಯಾಗ ಕಲತಾಕಿ, ಕನ್ನಡ ಪಟಪಟ ಮಾತಾಡ್ತಾಳ, ಓದಂದ್ರ ಮಾರಿ ತಿರುವ್ತಾಳ. ತವರೂರು ಮೈಂದರ್ಗಿ ಕನ್ನಡ ಸಾಲ್ಯಾಗ ಏಳನೇ ಇಯತ್ತೆ ತನಕ ಕಲತದ್ದು ನಾ ಒಬ್ಬಾಕಿ. ಹಿಂಗಾಗಿ ಬಿಂದಾಸ್ ಬರ್ಯಾಕತ್ತೀನಿ.

ನಾ ಸೊಲ್ಲಾಪುರದಾಗ ಟಾವೆಲ್ ಕಾರಖಾನ್ಯಾಗ ಅಂಚು ಹೊಲಿಯೋ ಮಶೀನ್ ಮ್ಯಾಲ ಕುಂಡರತೀನಿ. ಗಂಡ ಹೋಗಿ ಭಾಳ ವರ್ಷಾತು. ಇರೋದು ಒಬ್ಬಾಕಿ ಮಗಳು, ಒಕ್ಕಲತನ ಕಲಿಸೋ ಶೇತ್ಕಿ ಕಾಲೇಜಿನಾಗ ಎಮ್ಮೆಸ್ಸಿ ಮಾಡಾಕತ್ತಿದ್ಲು. ಒಂದಿನ ಆಕಿ ಸರ್ ಆಕಿ ಕೈಯಾಗ ಜ್ವಾಳದ ಬೀಜದ ಪುಡಿಕಿ ಕೊಟ್ರಂತ. ರಾಕೆಟ್ಟಿನಾಗ ಕುಂತು ಭೂಮಿ ಬಿಟ್ಟು ಹೋಗಿ, ಮ್ಯಾಲ ಒಂದಿಷ್ಟು ದಿನ ಇದ್ದು, ತಿರುಗಿ ಕೆಳಗ ಬಂದ ಜ್ವಾಳ. ನಾ ಪುಡಿಕಿ ಬಿಚ್ಚಿ ನೋಡಿದೆ. ನಮ್ಮ ರೊಟ್ಟಿ ಜ್ವಾಳಕ್ಕೂ ಅದಕ್ಕೂ ಏನೂ ಫರಕ್ ಕಾಣಲಿಲ್ಲ.

"ಮ್ಯಾಲ ನಮ್ಮನ್ನ ಕಾಯೋ ಗಾಳಿ ಇಲ್ಲವ್ವಾ" ಅಂದ್ಲು ಮಗಳು. "ಕಣ್ಣಿಗಿ ಕಾಣದ ಕಿರಣ ಬೀಜದ ಒಳಗ ಹೊಕ್ಕು ಹೊಡೀತಾವ. ಪೆಟ್ಟು ಎಲ್ಲಿ ಬಿದ್ದದ ಅನ್ನೋದು ಬಿತ್ತಿದ ಮ್ಯಾಲ ತಿಳೀತದ. ಒಂದು ಗಿಡ್ಡ ಆಗ್ತದ, ಒಂದು ಬಂಜಿ ಆಗ್ತದ. ನಸೀಬಿತ್ತಂದ್ರ ಯಾವುದೋ ಒಂದು ಹಿಂದ ಯಾರೂ ನೋಡದಂಥಾದ್ದು ಹುಟ್ತದ."

"ಅಂದ್ರ ಹೊಡಸಗೊಂಡು ಬಂದ ಬೀಜ ಅನ್ನು" ಅಂದೆ. ಆಕಿ ನಕ್ಕು ಹೂಂ ಅಂದ್ಲು.

ಆಕಿ ಕೆಲಸ ಏನಂದ್ರ, ಇದನ್ನ ಬಿತ್ತಬೇಕು. ತೆನಿ ಹೊರಬಿದ್ದ ಕೂಡ್ಲೆ ಒಂದೊಂದಕ್ಕೂ ಕಾಗದದ ಪಿಶವಿ, ಅಂದ್ರ ಸಣ್ಣ ಚೀಲ, ಹಾಕಬೇಕು, ಬಾಜೂಕಿನ ಜ್ವಾಳದ ಪರಾಗ ಒಳಗ ಹೋಗಬಾರದು. ಕಾಳು ಒಣಗಿ ಗಟ್ಟಿ ಆದ ಮ್ಯಾಲ ಪ್ರತಿ ತೆನಿ ಬೀಜ ಬ್ಯಾರೆ ಬ್ಯಾರೆ ತಗೊಂಡು ಹೋಗಿ ಸರ್‌ಗೆ ಕೊಡಬೇಕು. ಚಲೋದು, ಕೆಟ್ಟದ್ದು, ಕುಂಟದ್ದು, ಎಲ್ಲಾ ಬೇಕು. ಅರ್ಧ ಬೀಜ ಕಾಲೇಜಿನ ಹೊಲದಾಗ ಬಿತ್ತಿದ್ಲು, ಹಸ್ತ ಮಳಿ ಹುಚ್ಚರಗತೆ ಬಡದು ಅದು ನೀರಾಗ ನಿಂತು ಕೊಳತು ಹೋತು. ಉಳದ ಅರ್ಧ ಮೈಂದರ್ಗ್ಯಾಗ ನಮ್ಮಣ್ಣನ ಹೊಲದಾಗ ಬಿತ್ತಿದ್ಲು. ಇದೂ ಹೋದ್ರ ಸರ್ ಹಂತೇಕ ಮತ್ತ ಬೀಜಿಲ್ಲ. ಬೀಜಿಲ್ಲಂದ್ರ ಡಿಗ್ರಿ ಇಲ್ಲ. ಡಿಗ್ರಿ ಇಲ್ಲಂದ್ರ ಆಕಿ ನನ್ನ ಜೋಡಿ ಕಾರಖಾನಿಗಿ. ನನ್ನ ಬಾಜೂಕಿನ ಮಶೀನ್ ಖಾಲಿ ಆಗಿತ್ತು, ಮುಕಾದಮ ಮಗಳನ್ನ ಕಳಸು ಅಂತ ಬೆನ್ನು ಹತ್ತಿದ್ದ. ಹತ್ತಿ ದೂಳಿ ನುಂಗಿ ನುಂಗಿ ನನ್ನ ಎದಿ ಸಿಳ್ಳಿ ಹೊಡೀತದ. ನನ್ನ ಹೆಣ ಬಿದ್ರೂ ಚಿಂತಿಲ್ಲ, ಆ ಖುರ್ಚಿ ಮ್ಯಾಲ ಆಕಿನ್ನ ಕುಂಡ್ರಸಾಕಿ ನಾ ಅಲ್ಲ.

ಅಣ್ಣಗ ಭಾಳ ಖುಷಿ ಆಗಿತ್ತು. "ನಾ ಇನ್ನೂ ಪುಣೆ ನೋಡಿಲ್ಲ, ಈ ಜ್ವಾಳ ಆಕಾಶ ನೋಡಿ ಬಂದದ. ಇದರ ಮುಂದ ನಾ ಎಷ್ಟರಾಂವ?" ಅಂತ ಬಂದ ಬಂದವರಿಗೆಲ್ಲ ಹೇಳ್ತಿದ್ದ. ಯರಿಮಣ್ಣಿನ ಹೊಲ, ಬಾವಿ ಮಗ್ಗಲ ಚಲೋ ತುಕಡಿ ಕೊಟ್ಟಿದ್ದ. ಸೊಸಿ ಅಂದ್ರ ಅವನ ಜೀವ. ತಂಗಿ ಮಗಳು ಅವನಿಗಿ ಸೊಸಿ. ನನಗ ಬೈದಾನ, ಸಣ್ಣಾಕಿ ಇದ್ದಾಗ ಹೊಡದಾನ, ಆಕಿಗಿ ಒಂದು ಒರಟು ಮಾತು ಆಡಿಲ್ಲ.

ತೆನಿ ಹೊರಬಿದ್ದು ಮಗಳು ಪಿಶವಿ ಹಾಕಿ ಹೋದ ಹೊತ್ತಿಗಿ ಕಾಡಹಂದಿ ಬಂದುವು. ನಾ ಕಾರಖಾನಿಗಿ ಸುಟ್ಟಿ ಹಾಕಿ ಹೊಲ ಕಾಯಾಕ ಹೋಗಿದ್ದೆ. ನಸಕಿನಾಗ ಜ್ವಾಳ ಮುರಿಯೋ ಸಪ್ಪಳಾತು. ಅಣ್ಣನ ನಾಯಿ ಬೊಗಳಕೋತ ಒಳಗ ನುಗ್ತು, ಒಂದು ಸಲ ಕಂಯ್ ಅಂತು, ಮುಗೀತು. ನಾವು ಹೋಗೋದ್ರಾಗ ಅದರ ಕರುಳು ಹೊರಗ ಬಿದ್ದಿದ್ದುವು. ದೊಡ್ಡ ಗಂಡು ಹಂದಿ, ಪಿಶವಿ ಹಾಕಿದ ಸಾಲಿನಾಗ ಮುಸಡಿ ಹೊಡ್ಯಾಕತ್ತಿತ್ತು. ನಾ ಕವಣ್ಯಾಗ ಕಲ್ಲಿಟ್ಟು ಬೀಸಿದೆ. ಅಣ್ಣ ಕೊಡ್ಲಿ ತಗೊಂಡು ಅದರ ಮ್ಯಾಲೇ ಹೋದ. ಕೊಡ್ಲಿ ಬೆನ್ನಿಗಿ ಬಿತ್ತು, ಹಂದಿ ತಿರುಗಿ ಅವನ ಮೀನಖಂಡ ಸೀಳಿ ಓಡಿಹೋತು. ರಕ್ತ ಧಾರಾಕಾರ ಹರ್ಯಾಕತ್ತಿತ್ತು. ಅಂವ ಧೋತರದ ಚುಂಗು ಹರದು ಕಾಲಿಗಿ ಬಿಗದು, ಮೊದಲ ಬಿದ್ದ ಗಿಡಾ ಎತ್ತಿ ಕೋಲು ಕೊಟ್ಟು ನಿಲ್ಲಿಸಿದ. ಆಮ್ಯಾಲ ಅಕ್ಕಲಕೋಟಿ ದವಾಖಾನಿಗಿ ಹೋದ. ಆವತ್ತು ನನ್ನ ಅಣ್ಣನ ಮ್ಯಾಲ ನನಗ ಭಾಳ ಪ್ರೀತಿ ಬಂದಿತ್ತು, ಸುಳ್ಳ್ಯಾಕ ಹೇಳ್ಲಿ.

ಹಂದಿ ತಿಂದದ್ದು ಹೋಗಿ ಒಂದಿಷ್ಟು ಗಿಡ ಉಳದುವು. ಮಗಳು ಬಂದು ಒಂದೊಂದು ಪಿಶವಿ ಮುಟ್ಟಿ ನೋಡಿ, "ಇಷ್ಟಿದ್ರ ನಡೀತದ ಮಾಮಾ. ಇವು ಬೀಜಕ್ಕ ಬೇಕು, ಸಂಭಾಳಸು" ಅಂದು ಹೋದ್ಲು. ಅಣ್ಣ ಹೂಂ ಅಂದ. ಖರೇನ ಕಣ್ಣಾಗ ಎಣ್ಣಿ ಬಿಟ್ಟುಕೊಂಡು ಕಾದ.

ಎಳ್ಳಮಾಸಿ ಬಂತು. ಆ ದಿನ ಊರಿಗೂರೇ ಹೊಲದಾಗ ಇರ್ತದ. ಭೂಮಿತಾಯಿಗಿ ಎಡಿ ಅಂತ ಬೆಳಿಗಿ ಚರಗ ಚೆಲ್ಲಿ, ಕಾಳು ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿರೊಟ್ಟಿ, ಶೇಂಗಾ ಹೋಳಿಗಿ ಅಲ್ಲೇ ಉಣ್ಣೋದು. ಜ್ವಾಳದ ಕಾಳಿನಾಗ ಹಾಲು ತುಂಬಿರ್ತದ, ಹಸಿ ತೆನಿ ಕುಳ್ಳಿನ ಕೆಂಡದಾಗ ಸುಟ್ಟು ಬಿಸಿಬಿಸಿ ಸೀತನಿ ಮಾಡ್ತಾರ. ನಮ್ಮ ಮನ್ಯಾಗ ಅಪ್ಪನ ಕಾಲದಿಂದ ಒಂದು ರಿವಾಜ ಅದ. ಹೊಲದಾಗಿನ ಎಲ್ಲಾಕಿಂತ ಚಲೋ ತೆನಿ ಸುಟ್ಟು, ಮೊದಲನೇ ಸೀತನಿ ಮನಿ ಹೆಣ್ಣುಮಗಳಿಗಿ ಮತ್ತ ಆಕಿ ಮಗಳಿಗಿ ಕೊಡಬೇಕು. ಅವರು ತಿಂದ ಮ್ಯಾಲ ಉಳದವರು.

ನಾನೂ ಮಗಳೂ ಮುಂಜಾನಿ ಸೊಲ್ಲಾಪುರದಿಂದ ಬಸ್ಸಿಗಿ ಹೋದ್ವಿ. ಅಣ್ಣ ಬಾವಿ ಹಂತೇಕ ಕೆಂಡ ಹಾಕಿ ಕುಂತಿದ್ದ. ನಮ್ಮನ್ನ ಕಂಡು, "ಬರ್ರಿ ಬರ್ರಿ, ಆರತಾವ" ಅಂತ ಕೂಗಿದ. ಅಣ್ಣನ ಹೆಂಡ್ತಿ, ನಮ್ಮ ವೈನಿ, ಕಂಬಳಿ ಹಾಸಿ ಸೀತನಿ ಮುಂದಿಟ್ಲು, ಬಾಜೂಕ ಶೇಂಗಾ ಹಿಂಡಿ, ಬೆಲ್ಲ. ಬಾಯಾಗ ಹಾಕಿದೆ. ಅಬಬಬ, ಎಂಥಾ ಸವಿ! "ಅಣ್ಣಾ, ಇಂಥಾದ್ದು ಹುಟ್ಟಿ ತಿಂದಿಲ್ಲ ನೋಡು" ಅಂದೆ. ಮಗಳು ಮುಕ್ಕಿ ಮುಕ್ಕಿ ತಿಂದ್ಲು, ಮತ್ತ ಕೈ ಒಡ್ಡಿದ್ಲು. ಅಣ್ಣ ಹಾಕಿದ. ಅವನ ಮಾರಿ ಹಿಗ್ಗಿ ಅರಳಿತ್ತು.

ತಿನ್ನಕೋತ ಮಗಳ ಕಣ್ಣು ಅತ್ತಾಗ ಹೋತು. ಬಾವಿ ಕಟ್ಟಿ ಮ್ಯಾಲ ಒಂದು ಕಲ್ಲಿನ ಕೆಳಗ ಕಾಗದದ ಪಿಶವಿ ಮಡಚಿ ಮಡಚಿ ಇಟ್ಟಿದ್ದುವು. ನೀಟಾಗಿ, ಒಂದರ ಮ್ಯಾಲ ಒಂದು. ಆಕಿ ಎದ್ದು ಹೋಗಿ ತಗೊಂಡ್ಲು. ಆಕಿ ಬರದ ನಂಬರ್ ಹಂಗೇ ಇದ್ದುವು, ಪಿಶವಿ ಖಾಲಿ.

"ಮಾಮಾ, ಇವು?"

"ನಿನ್ನ ಪಿಶವಿ ಒಂದೂ ಹರೀಲಾರದಂಗ ತಗದೀನಿ ಸೊಸಿ. ಮತ್ತ ಕೆಲಸಕ್ಕ ಬರ್ತಾವ."

"ತೆನಿ?"

"ತಿಂದ್ಯಲ್ಲ ಈಗ! ಹೊಲದಾಗ ಅವಽ ಚಲೋ ಇದ್ದುವು. ಹಂದಿ ಸಂಗಾಟ ಬಡದಾಡಿ ಉಳಿಸಿದ್ದು ನನ್ನ ಸೊಸಿಗಲ್ಲದ ಮತ್ಯಾರಿಗಿ? ಬೀಜಕ್ಕ ಎರಡು ತೆನಿ ಬಿಟ್ಟೀನಿ, ಎಲ್ಲಾಕಿಂತ ದಪ್ಪನ್ನವು. ಅಪ್ಪ ಬಿಡ್ತಿದ್ನಲ್ಲ, ಹಂಗ."

ಇದು ನಮ್ಮಂಥವರ ಮನ್ಯಾಗ ಮಾತ್ರ ಆಗೋ ತಪ್ಪು. ಒಕ್ಕಲಿಗ ಬೀಜಕ್ಕಂತ ಹೊಲಾ ಪೂರಾ ಬಿಡಂಗಿಲ್ಲ, ಚಲೋ ತೆನಿ ಒಂದೆರಡು ಆರಿಸಿ ಬಿಡ್ತಾನ. ಪಿಶವಿ ಹಾಕಿ ಹಕ್ಕಿಯಿಂದ ಕಾದದ್ದು ಎಳ್ಳಮಾಸಿಗಿ ಅಂತ ಅಂವ ತಿಳದಿದ್ದ. ಇದೆಲ್ಲ ನನಗ ಈಗ ತಿಳೀತದ. ಆವಾಗ ನನ್ನ ಬಾಯಾಗ ಇನ್ನೂ ಆ ಕಾಳಿದ್ದುವು. ಮಗಳು ಗಂಟಲಾಗ ಬೆರಳು ಹಾಕಿ ವಾಂತಿ ಮಾಡಾಕತ್ತಿದ್ಲು, ಹೊರಗ ಬಂದ್ರ ಬೀಜ ಆಗ್ತಾವೇನೋ ಅನ್ನವರಗತೆ. ಅದನ್ನ ನೋಡಿ ನನ್ನ ತಲಿ ಗರ್ರ್ ಅಂತು. ಸುಟ್ಟ ತೆನಿ ಬಡದಿದ್ದ ಬಡಗಿ ಕೈಗಿ ಸಿಕ್ತು. ಬೀಸಿದೆ.

ಹಲ್ಲು ಕೆಂಡದಾಗ ಹೋಗಿ ಬಿತ್ತು. ಮತ್ತೊಂದು ಹೊಡದೆ, ಹೆಗಲಿಗಿ. ವೈನಿ ಬಂದು ನನ್ನ ತುರುಬು ಹಿಡದು ಕೆಡವಿದ್ಲು. ಭಜ್ಜಿ ಗಡಿಗಿ ಉರುಳಿ ನನ್ನ ತೊಡಿ ಸುಟ್ಟುವು. ನಾ ಆಕಿ ಕೈ ಕಚ್ಚಿದೆ. "ನನ್ನ ಮಗಳ ಬಾಯಾಗ ಮಣ್ಣು ಹಾಕ್ದ್ಯೋ ಭಾಡ್ಯಾ!" ಅಂತ ಒದರಿದೆ. ಬಾಜೂಕಿನ ಹೊಲದ ಮಂದಿ ಉಣ್ಣೋದು ಬಿಟ್ಟು ಬದುವಿನ ಮ್ಯಾಲ ನಿಂತು ನೋಡಾಕತ್ರು. ನೋಡ್ಲಿ, ನನಗೇನು.

ಅಣ್ಣ ಬಾಯಿ ಒರಸಕೊಂಡ, ರಕ್ತ ನೋಡಿದ. "ನನ್ನ ಹೊಲದಾಗ, ಚರಗದ ದಿನ, ಪ್ರೀತಿಲೆ ತಿನಿಸಿದ್ದಕ್ಕ ಹೊಡೀತಿ?" ಅಂದ. ದನಿ ಸಣ್ಣದಿತ್ತು. ಆಮ್ಯಾಲ ಒಮ್ಮೆಲೇ ಹುಚ್ಚು ಹಿಡದಂಗಾತು. ಮೇವು ಕೊಯ್ಯೋ ಕುಡಗೋಲು ಕಸಗೊಂಡು, "ಆ ಎರಡೂ ಬ್ಯಾಡ! ಒಂದೂ ಬ್ಯಾಡ ಈ ಹೊಲದಾಗ!" ಅಂತ ಜ್ವಾಳದಾಗ ನುಗ್ಗಿದ. ಎದುರಿಗಿ ಬಂದ ದಂಟು ದಬದಬ ಕಡಕೋತ ಹೋದ.

ಬಿಟ್ಟ ಎರಡು ತೆನಿ ಒಂದರ ಮಗ್ಗಲ ಒಂದಿದ್ದುವು, ಗಾಳಿಗಿ ಬೀಳಬಾರದಂತ ಅವನೇ ಎರಡನ್ನೂ ಒಂದು ಕೋಲಿಗಿ ಕಟ್ಟಿದ್ದ. ಮಗಳು ಅವನಿಗಿಂತ ಮೊದಲ ಓಡಿಹೋಗಿ ಮೊಣಕಾಲೂರಿ ಎರಡೂ ದಂಟು ಮುಟಗ್ಯಾಗ ಹಿಡದ್ಲು. "ಕಾಳು ಹಸೀ ಅದ ಮಾಮಾ! ಈಗ ಕಡದ್ರ ಹುಟ್ಟಂಗಿಲ್ಲ!" ಅಂತ ಚೀರಿದ್ಲು. ಅಂವಗ ಕೇಳಿಸ್ತೋ ಇಲ್ಲೋ. ಎತ್ತಿದ ಕೈ ತಡೀಲಿಲ್ಲ. ಕುಡಗೋಲು ಆಕಿ ಬಲಗೈ ಮ್ಯಾಲ ಬಿತ್ತು. ಆಕಿ ಮುಟಗಿ ಬಿಡಲಿಲ್ಲ. ದಂಟಿನಗುಂಟ ರಕ್ತ ಇಳೀತು, ದಂಟಿಗಿ ಏನೂ ಆಗಲಿಲ್ಲ.

ಅಣ್ಣ ಕುಡಗೋಲು ಒಗದು ಎದಿ ಎದಿ ಬಡಕೊಂಡ. ಆಕಿ ಬೆರಳು ಒಂದೊಂದಾಗಿ ಬಿಡಿಸಿದಾಂವ ಅವನಽ. ಟೆಂಪೋದಾಗ ಹಾಕ್ಕೊಂಡು ಅಕ್ಕಲಕೋಟಿಗಿ ಹೋದ್ವಿ, ಅಲ್ಲಿಂದ ಸೊಲ್ಲಾಪುರಕ್ಕ ಕಳಿಸಿದ್ರು. ದಾರಿ ಪೂರಾ ಅಂವ ಆಕಿ ಕೈ ಟಾವೆಲ್ಲಿನಾಗ ಒತ್ತಿ ಹಿಡದಿದ್ದ, ಅವನ ಬಾಯಿ ರಕ್ತ ಆಕಿ ಕೈ ಮ್ಯಾಲ ಸುರೀತಿತ್ತು. ಡಾಕ್ಟರು, ಏನಾತು, ಬಡದಾಟೇನು, ಪೊಲೀಸರಿಗಿ ಹೇಳಬೇಕೇನು ಅಂತ ಕೇಳಿದ್ರು. ಹೇಳ್ರಿ ಅನ್ನಾಕ ನಾ ಬಾಯಿ ತಗದಿದ್ದೆ. ಮಗಳು, "ಮೇವು ಕೊಯ್ಯೋವಾಗ ತಾಗ್ಯದ್ರಿ" ಅಂದು ನನ್ನ ಕಡಿ ನೋಡಿದ್ಲು. ನಾ ಬಾಯಿ ಮುಚ್ಚಿದೆ. ಒಳಗಿನ ನರ ಕಡದಿತ್ತು. ಹೊಲಿಗಿ ಹಾಕಿದ್ರು, ಆದ್ರ ಎರಡು ಬೆರಳು ಇನ್ನ ಮಡಚಂಗಿಲ್ಲ ಅಂದ್ರು.

ಆಕಿ ಸರ್‌ಗೆ ಫೋನ್ ಮಾಡಿದ್ಲು. ಅವರು ಮೊದಲ ಬೈದ್ರು. ಎರಡು ತೆನಿ ಬೀಜ ಒಣಗಿ ಕೈಗಿ ಬಂದ್ರ ಮುಂದಿನ ಹಂಗಾಮಿಗಿ ಬಿತ್ತಿ ಅದರ ಮ್ಯಾಲೇ ಕೆಲಸ ಮಾಡು, ಒಂದು ವರ್ಷ ಹೆಚ್ಚು ಹಿಡೀತದ, ಅವೂ ಹೋದ್ರ ಬಿಟ್ಟುಬಿಡು ಅಂದ್ರಂತ.

ಅಣ್ಣ ದವಾಖಾನಿಯಿಂದ ಮನಿಗಿ ಹೋಗಲಿಲ್ಲ, ಹೊಲಕ್ಕ ಹೋದ. ಆ ಎರಡು ಗಿಡದ ಬುಡಕ ಕಂಬಳಿ ಹಾಸಿ ಕುಂತ. ಮುಂದ ಆ ತೆನಿ ಒಣಗೋತನಕ ವೈನಿ ರೊಟ್ಟಿ ಅಲ್ಲಿಗೇ ತರ್ತಿದ್ಲು. ನಾ ಅವನ್ನ ನಂಬಲಿಲ್ಲ. ಕಾರಖಾನಿ ಬಂದ್ ಇದ್ದ ದಿನ ನಾನೂ ಹೋಗಿ ಬದುವಿನ ಮ್ಯಾಲ ಕವಣಿ ಹಿಡಕೊಂಡು ಕುಂಡರತಿದ್ದೆ. ಹಕ್ಕಿಗಿ ಬೀಸಿದ ಕಲ್ಲು ಆಗಾಗ ಅವನ ಕಡಿಗೂ ಹೋಗ್ತಿತ್ತು. ಅಂವ ತಲಿ ಸೈತ ತಪ್ಪಿಸಗೋತಿರಲಿಲ್ಲ.

ಕಾಳು ಗಟ್ಟಿಯಾದುವು. ಮಗಳು ಹೊಸಾ ಪಿಶವಿ ತಗೊಂಡು ಬಂದ್ಲು. ನಾ ಕುಡಗೋಲಿಗಿ ಕೈ ಹಾಕಿದೆ. ಆಕಿ ನನ್ನ ಕೈಯಿಂದ ಇಸಗೊಂಡು ಮಾಮಾನ ಮುಂದ ಹಿಡದ್ಲು. ಅಂವ ಹಿಂದ ಸರದ. "ನಾ ಇನ್ನ ಅದನ್ನ ಮುಟ್ಟಂಗಿಲ್ಲವ್ವಾ" ಅಂದ, ಗಾಳಿ ಹಲ್ಲಿಲ್ಲದ ಸಂದಿನಾಗಿಂದ ಹೊಂಟಿತು.

ಮಗಳು ತನ್ನ ಬಲಗೈ ಅವನ ಮಾರಿ ಮುಂದ ಚಾಚಿದ್ಲು. ಎರಡು ಬೆರಳು ಸೆಟದು ನಿಂತಿದ್ದುವು. "ನನಗ ಹಿಡ್ಯಾಕ ಬರಂಗಿಲ್ಲ ಮಾಮಾ. ಇನ್ನ ಮುಂದ ನನ್ನ ತೆನಿ ಎಲ್ಲಾ ನೀನಽ ಕೊಯ್ಬೇಕು. ಪ್ರತಿ ವರ್ಷ."

ಸಿಟ್ಟಿಲ್ಲ, ಮಾಫಿ ಇಲ್ಲ, ಆಕಿ ದನ್ಯಾಗ ಏನೂ ಇರಲಿಲ್ಲ. ಅಣ್ಣ ಕುಡಗೋಲು ತಗೊಂಡ. ಒಂದು ತೆನಿ ಕೊಯ್ದ, ಆಕಿ ಪಿಶವ್ಯಾಗ ಹಾಕಿದ. ಇನ್ನೊಂದು ಕೊಯ್ದ, ಬ್ಯಾರೆ ಪಿಶವ್ಯಾಗ ಹಾಕಿದ. ಹಾಕಿ ಅಲ್ಲೇ ಮಣ್ಣಾಗ ಕುಂತು ಬಿಕ್ಕಿ ಬಿಕ್ಕಿ ಅತ್ತ. ನಾ ಬಾಜೂಕಽ ನಿಂತಿದ್ದೆ. ಎಬ್ಬಿಸಾಕ ನನ್ನ ಕೈ ಮುಂದ ಹೋಗಲಿಲ್ಲ.