ಅಕ್ಕ ಇಳಿದ ಬಂಡೆ

ಸ್ನೇಹಿತರೇ, ಇವತ್ತು ಬೂದಿಕೋಟೆ ಹತ್ತಿರ ಕುರಿ ಮೇಯಿಸುವ ತಾತನೊಬ್ಬರಿಂದ ಚೆನ್ನಾಗಿ ಬೈಸಿಕೊಂಡೆ. ಕಣ್ಣು ಕಾಣದವರಿಗಾಗಿ ಹಗ್ಗ ಕಟ್ಟಿಕೊಂಡು ಬಂಡೆ ಇಳಿಯುವ ಶಿಬಿರ ಅಲ್ಲಿತ್ತು. ಹುಟ್ಟಿನಿಂದ ಕಣ್ಣು ಕಾಣದ ನನ್ನಕ್ಕ ಸರೋಜಾಳನ್ನು ಆಂಡರ್ಸನ್‌ಪೇಟೆಯಿಂದ ಕರೆದುಕೊಂಡು ಹೋಗಿದ್ದೆ.

"ಏನಮ್ಮಾ, ಕಣ್ ಕಾಣ್ದೋಳನ್ನ ಬಂಡೆ ಮೇಲಿಂದ ಇಳಿಸ್ತೀಯಾ? ಬುದ್ಧಿ ಐತಾ ನಿಂಗೆ?" ಎಂದರು ತಾತ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಅವ್ಳು ಇಳಿಸ್ತಿಲ್ಲ ತಾತಾ, ನಾನೇ ಇಳೀತೀನಿ," ಎಂದು ಹೆಲ್ಮೆಟ್ ಹಾಕಿಕೊಂಡು ಮೇಲೆ ಹೋದಳು.

ಮೊದಲು ಹಗ್ಗವನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಬೂಟಿನ ತುದಿಯಿಂದ ಕಲ್ಲನ್ನು ತಡವುತ್ತಾ ನಿಧಾನವಾಗಿ ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ಸುಮ್ಮನೆ ನಿಂತುಬಿಟ್ಟಳು. ಕೆಳಗಿದ್ದ ನಾನು "ಅಕ್ಕಾ!" ಎಂದು ಕೂಗಿದೆ.

ನೆಲ ಮುಟ್ಟಿದ ಮೇಲೆ ಅಕ್ಕ ತಾತನಿಗೆ ಹೇಳಿದಳು: "ನಡುವೆ ಒಂದು ಬಿರುಕೈತೆ ತಾತಾ. ಕೈ ಇಟ್ರೆ ಒಳಗಿಂದ ತಣ್ಣಗೆ ಗಾಳಿ ಬತ್ತದೆ. ಅದ್ಕೇ ನಿಂತ್ಕೊಂಡೆ."

ತಾತ ತಲೆಯೆತ್ತಿ ಬಂಡೆಯನ್ನು ನೋಡಿದರು. "ಉಟ್ಟಿದಾಗಿಂದ ಇಲ್ಲೇ ಇದೀನಿ ಕಣಮ್ಮಾ. ಇದು ನಂಗೆ ಗೊತ್ತೇ ಇರ್ಲಿಲ್ಲ."

ನಾವು ಬಸ್ಸಿಗೆ ಹೊರಡುವಷ್ಟರಲ್ಲಿ ಅವರು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಆ ಗಾಳಿಯ ಸುದ್ದಿ ಹೇಳುತ್ತಿದ್ದರು, ತಾವೇ ಹಗ್ಗ ಹಿಡಿದು ಇಳಿದು ಬಂದವರ ಹಾಗೆ!