ಅಕ್ಕನ ಪಕ್ಕದ ಕುರ್ಚಿ

ನಮ್ಮ ಭಾವ ಬಿಸಿ ಲೋಟವನ್ನು ಬರಿಗೈಯಲ್ಲಿ ಹಿಡಿದುಕೊಂಡು ಆರಾಮಾಗಿ ಫೋನಿನಲ್ಲಿ ಮಾತಾಡಬಲ್ಲರು. ಎಡಗೈ ಮಾತ್ರ. ಗಿಟಾರಿನ ತಂತಿ ಒತ್ತಿ ಒತ್ತಿ ಆ ಬೆರಳುಗಳ ತುದಿ ಜಡ್ಡುಗಟ್ಟಿದೆ. ಅವರ ಹೊಟ್ಟೆಪಾಡು ಕನ್ನಡಕದ ಅಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ, ಅಂಚು ನುಣುಪಾಯಿತೇ ಎಂದು ಬೆರಳಾಡಿಸಿ ನೋಡಿ ಕೂರಿಸಬೇಕು. ಎಡಗೈಗೆ ಏನೂ ತಿಳಿಯುವುದಿಲ್ಲವಾದ್ದರಿಂದ ಬಲಗೈಯಲ್ಲೇ ನೋಡುತ್ತಾರೆ. "ಇವರಿಗೆ ಬಿಸಿ ತಾಗಲ್ಲ, ಬೈಗುಳವೂ ತಾಗಲ್ಲ" ಎಂಬುದು ನಮ್ಮ ಅಕ್ಕನ ದೂರು.

ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಮೂರು ದೋಣಿಯಲ್ಲಿ ಕಾಲಿಟ್ಟೂ ಮುಳುಗದವರು ಭಾವ ಒಬ್ಬರೇ. ಒಂದು ಬ್ಯಾಂಡಿನಲ್ಲಿ ಕೆಂಪು ಕೋಟು ಹಾಕಿಕೊಂಡು ಅಂಗಡಿಗಳ ಉದ್ಘಾಟನೆಗೆ ನುಡಿಸುತ್ತಾರೆ. ಇನ್ನೊಂದು ಕಾಲೇಜು ಹುಡುಗರದು. ತಿಂಗಳಿಗೊಮ್ಮೆ ಹೆಸರು ಬದಲಾಗುತ್ತದೆ, ಗದ್ದಲ ಬದಲಾಗುವುದಿಲ್ಲ. ಮೂರನೆಯದು ನಿವೃತ್ತರ ಬ್ಯಾಂಡು. ಅದರ ಹಾಡುಗಾರ್ತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರಮ್ಮ. ಇಷ್ಟರ ನಡುವೆ ಭಾವ ಬೆಳಿಗ್ಗೆ ತರಕಾರಿ ಹೆಚ್ಚಿಟ್ಟು, ಕುಕ್ಕರ್ ಕೂಗುವಷ್ಟರಲ್ಲಿ ತಂತಿ ಬಿಗಿ ಮಾಡಿಕೊಂಡು, ಮಗಳಿಗೆ ಡಬ್ಬಿ ಕಟ್ಟಿಕೊಟ್ಟೇ ಅಂಗಡಿಗೆ ಹೋಗುತ್ತಿದ್ದರು. ಒಂದು ದಿನವೂ ತಡವಾಗಿ ಹೋದವರಲ್ಲ. ನಾನು ಸಾಮಾನು ಸಾಗಿಸುವ ವ್ಯಾನ್ ಓಡಿಸುವವನು. ಹಾಗಾಗಿ ಮೂರೂ ಬ್ಯಾಂಡಿನ ಸ್ಪೀಕರ್ ಹೊರುವ ಯೋಗ ಭಾವಮೈದುನನಾದ ನನ್ನ ಹಣೆಯಲ್ಲಿ ಬರೆದಿತ್ತು.

"ಊರಿಗೊಬ್ಬಳೇ ಪದ್ಮಾವತಿ ಆಗಿಬಿಟ್ರಲ್ಲ ಭಾವ, ಬೇರೆ ಗಿಟಾರಿನವರು ಸತ್ತುಹೋದ್ರಾ?" ಎಂದು ನಾನು ಛೇಡಿಸುತ್ತಿದ್ದೆ. ಸತ್ತಿರಲಿಲ್ಲ. ಅವರಿಗಿಂತ ವೇಗವಾಗಿ ನುಡಿಸುವವರು ಎಷ್ಟೋ ಜನ ಇದ್ದರು. ಆದರೂ ಎಲ್ಲರಿಗೂ ಭಾವನೇ ಬೇಕು. ಏಕೆಂಬುದು ನನಗೆ ತಿಳಿದದ್ದು ಟೀಚರಮ್ಮ ಹಾಡುವಾಗ.

ಅವರಿಗೆ ಇತ್ತೀಚೆಗೆ ಮರೆವು ಶುರುವಾಗಿತ್ತು. ಮೊದಲ ಚರಣ ಹಾಡಿ, ಎರಡನೆಯದನ್ನು ಬಿಟ್ಟು, ಸೀದಾ ಕೊನೆಯದಕ್ಕೆ ಹಾರಿಬಿಡುತ್ತಿದ್ದರು. ಹಾಗೆ ಹಾರುವ ಮುಂಚೆ ಅವರ ಭುಜ ಸ್ವಲ್ಪ ಮೇಲೇಳುತ್ತದೆ. ಭಾವನ ಕಣ್ಣು ಸದಾ ಆ ಭುಜದ ಮೇಲೆ. ಅವರು ಹಾರಿದ ಕಡೆಗೇ ಭಾವನೂ ಹೋಗುತ್ತಿದ್ದರು, ಉಳಿದವರು ಭಾವನ ಹಿಂದೆ. ಕೇಳುವವರಿಗೆ ಹಾಡು ಇರುವುದೇ ಹಾಗೆ ಎನಿಸುತ್ತಿತ್ತು. ಟೀಚರಮ್ಮನಿಗೂ ತಾವು ತಪ್ಪಿದ್ದು ಗೊತ್ತಾಗುತ್ತಿರಲಿಲ್ಲ.

"ಹೇಳಿಬಿಡಬಾರದಾ ಅವರಿಗೆ?" ಎಂದು ನಾನೊಮ್ಮೆ ಕೇಳಿದೆ.

"ಯಾಕೆ ಹೇಳ್ಬೇಕು? ಅವರು ದಾರಿ ಬದಲಾಯಿಸಿದ್ರು, ನಾನೂ ಜೊತೆಗೆ ಹೋದೆ. ಅಷ್ಟೇ ತಾನೆ."

ಅಂದಿನಿಂದ ನಾನು ಬಾಯಲ್ಲಿ ಎಷ್ಟೇ ಕಾಲೆಳೆದರೂ ಮನಸ್ಸಿನಲ್ಲಿ ಭಾವನಿಗೆ ಕೈಮುಗಿಯುತ್ತೇನೆ. ನನಗೆ ಅಷ್ಟು ತಾಳ್ಮೆ ಈ ಜನ್ಮದಲ್ಲಿ ಬರುವುದಿಲ್ಲ.

ನಿವೃತ್ತರ ಅಭ್ಯಾಸ ನಡೆಯುತ್ತಿದ್ದುದು ಭಾವನ ಮನೆಯ ಹಜಾರದಲ್ಲಿ, ಭಾನುವಾರ ಮಧ್ಯಾಹ್ನ. ಅಕ್ಕ ಆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, "ನನ್ನ ಕಿವಿ ತೂತು ಬಿತ್ತು" ಎಂದು ಗೊಣಗುತ್ತಿದ್ದಳು. ಆದರೆ ಟೀಚರಮ್ಮ ಎರಡನೆಯ ಚರಣ ಬಿಟ್ಟಾಗಲೆಲ್ಲ ಒಳಗಿನಿಂದ ತಟ್ಟೆಯ ಮೇಲೆ ಸೌಟು ಠಣ್ಣೆನ್ನುತ್ತಿತ್ತು. ಭಾವ ತಲೆ ಬಗ್ಗಿಸಿ ನಗು ನುಂಗುತ್ತಿದ್ದರು.

ಭಾವನ ಮಗಳ ಮದುವೆ ಗೊತ್ತಾದಾಗ ಮೂರೂ ಬ್ಯಾಂಡಿನವರು ನಾವೇ ನುಡಿಸುತ್ತೇವೆ ಎಂದು ಮುಗಿಬಿದ್ದರು. ಮಗಳು ಟೀಚರಮ್ಮನ ಒಂದು ಹಾಡು ಬೇಕೇ ಬೇಕೆಂದಳು. ಅದನ್ನು ಕೇಳುತ್ತಲೇ ಬೆಳೆದವಳು ಅವಳು. ಆ ಸಂಜೆ ಅಕ್ಕ ಮನೆಯ ಫೋಟೋ ಆಲ್ಬಮ್ ತಂದು ಭಾವನ ತೊಡೆಯ ಮೇಲಿಟ್ಟಳು. ನಾನೂ ಅಲ್ಲೇ ಇದ್ದೆ.

ನನ್ನ ಮದುವೆ, ನನ್ನ ಮಗುವಿನ ಹುಟ್ಟುಹಬ್ಬ, ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಎಲ್ಲದರಲ್ಲೂ ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಗಿಟಾರಿನ ಖಾಲಿ ಚೀಲ. ಭಾವ ಎಲ್ಲೋ ಹಿಂದೆ, ವೇದಿಕೆಯ ಮಬ್ಬಿನಲ್ಲಿ ಅರ್ಧ ಮುಖ. ನನಗೆ ಆ ಕುರ್ಚಿ ಚೆನ್ನಾಗಿ ನೆನಪಿದೆ. "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಯಾರು ಕೇಳಿದರೂ ಅಕ್ಕ, "ಇದ್ದಾರೆ, ಬರ್ತಾರೆ" ಎಂದು ಗದ್ದದಿಂದಲೇ ವೇದಿಕೆಯ ಕಡೆ ತೋರಿಸುತ್ತಿದ್ದಳು. ಭಾವ ಬರುವಷ್ಟರಲ್ಲಿ ಜನ ಊಟ ಮುಗಿಸಿ ಹೊರಟಿರುತ್ತಿದ್ದರು.

"ಇದನ್ನ ನೋಡಿದೋರು, ನನ್ನನ್ನ ಈ ಚೀಲಕ್ಕೇ ಮದುವೆ ಮಾಡಿಕೊಟ್ಟಿದ್ದಾರೆ ಅಂದ್ಕೋತಾರೆ" ಎಂದಳು ಅಕ್ಕ. ಧ್ವನಿಯಲ್ಲಿ ಜಗಳವಿರಲಿಲ್ಲ. "ನೀವು ಮನೆಗೆ ಏನೂ ಕಮ್ಮಿ ಮಾಡಿಲ್ಲ. ನಾನು ಹಾಗಂತ ಯಾವತ್ತೂ ಹೇಳಲ್ಲ. ಆದ್ರೆ ಮಗಳ ಮದುವೆ ದಿನ ನನ್ನ ಪಕ್ಕ ಕೂತ್ಕೊಳ್ಳಿ. ಒಂದು ಹಾಡಿಗೆ ಅಂತಾನೂ ಏಳಬೇಡಿ."

"ಟೀಚರಮ್ಮನ ಹಾಡು..."

"ನುಡಿಸೋಕೆ ಬೇರೆಯವರು ಬರ್ತಾರೆ. ನನ್ನ ಪಕ್ಕ ಕೂರೋಕೆ ಬೇರೆಯವರು ಬರ್ತಾರಾ?"

ಭಾವ ಆಲ್ಬಮ್ಮಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಕೊನೆಗೆ, "ಆಯ್ತು, ಏಳಲ್ಲ" ಎಂದರು. ಮರುದಿನವೇ ಕಾಲೇಜು ಬ್ಯಾಂಡಿನ ಗುಂಗುರು ಕೂದಲಿನ ಹುಡುಗನನ್ನು ಕೂರಿಸಿಕೊಂಡು ಹಾಡು ಕಲಿಸತೊಡಗಿದರು. ಗುಂಗುರು ಬಹಳ ಚುರುಕು, ಕಲಿಸಿದ್ದರಲ್ಲಿ ಒಂದಕ್ಷರ ಆಚೀಚೆ ಆಗುವುದಿಲ್ಲ. "ವೇದಿಕೆ ಮೇಲೆ ಗಿಟಾರ್ ನೋಡ್ಬೇಡ, ಟೀಚರಮ್ಮನ ಭುಜ ನೋಡು" ಎಂದು ಭಾವ ಹೇಳಿದಾಗಲೆಲ್ಲ, "ಸರಿ ಅಂಕಲ್" ಎಂದು ಗಿಟಾರನ್ನೇ ನೋಡುತ್ತಿದ್ದ.

ಮದುವೆಯ ಸಂಜೆ ಭಾವ ಹೊಸ ಕೋಟು ತೊಟ್ಟು, ಅಕ್ಕನ ಪಕ್ಕದಲ್ಲಿ ಶಾಲೆಗೆ ಸೇರಿಸಿದ ಮಗುವಿನಂತೆ ಕೂತಿದ್ದರು. ಗಿಟಾರು ಮನೆಯ ಬೀರುವಿನ ಮೇಲಿತ್ತು. ಅಕ್ಕನ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ನೋಡಿ ಯಾವ ಕಾಲವಾಗಿತ್ತೋ. ಬಂದವರಿಗೆಲ್ಲ, "ಇವರು ನಮ್ಮ ಯಜಮಾನ್ರು" ಎಂದು ಬೇಕೆಂದೇ ಪರಿಚಯ ಮಾಡಿಸುತ್ತಿದ್ದಳು, ಗೊತ್ತಿದ್ದವರಿಗೂ.

ಮದುಮಗಳು ಕೇಳಿದ್ದ ಹಾಡನ್ನು ಟೀಚರಮ್ಮ ಎತ್ತಿಕೊಂಡರು. ನಾನು ಹಿಂದಿನ ಸಾಲಿನಲ್ಲಿದ್ದೆ. ಭಾವನ ಎಡಗೈ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಓಡಾಡುವುದು ಕಾಣುತ್ತಿತ್ತು. ಮೊದಲ ಚರಣ ಮುಗಿಯಿತು. ಟೀಚರಮ್ಮನ ಭುಜ ಮೇಲೆದ್ದಿತು. ಅವರು ಕೊನೆಯ ಚರಣಕ್ಕೆ ಹಾರಿದರು. ಗುಂಗುರು ಕಲಿತಂತೆ ಎರಡನೆಯದಕ್ಕೆ ಹೋದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಟೀಚರಮ್ಮ ನಿಂತರು. ಇನ್ನೊಮ್ಮೆ ಶುರುಮಾಡಿ, ಮತ್ತೆ ತಪ್ಪಿ, ಮೈಕ್ ಕೆಳಗಿಳಿಸಿದರು. ತಾವು ತಪ್ಪುತ್ತಿರುವುದು ಅವರಿಗೆ ಗೊತ್ತಾದದ್ದು ಅದೇ ಮೊದಲು, ಅದೂ ತುಂಬಿದ ಹಾಲ್‌ನಲ್ಲಿ.

ಭಾವ ಕುರ್ಚಿಯಿಂದ ಅರ್ಧ ಎದ್ದರು. ಅಕ್ಕನ ಮುಖ ನೋಡಿದರು. ಮತ್ತೆ ಕೂತರು. ಎರಡೂ ಕೈಯಿಂದ ಮಂಡಿ ಹಿಡಿದುಕೊಂಡರು.

ಆ ಒಂದು ಕ್ಷಣದಲ್ಲಿ ಅವರಿಗೆಷ್ಟು ಕಷ್ಟವಾಯಿತು ಎಂಬುದು ನನಗೆ ಗೊತ್ತು, ಅಕ್ಕನಿಗೂ ಗೊತ್ತು. ಬೇರೆ ಯಾರಾದರೂ ಆಗಿದ್ದರೆ, ಇಂಥ ಹೊತ್ತಿನಲ್ಲಿ ಕೊಟ್ಟ ಮಾತೇನು ಮುಖ್ಯ ಎಂದು ವೇದಿಕೆಗೆ ಓಡುತ್ತಿದ್ದರು, ಜನ ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಭಾವ ಅಲುಗಲಿಲ್ಲ. ಅಕ್ಕ ಅವರನ್ನು ನೋಡಿದಳು, ವೇದಿಕೆಯನ್ನು ನೋಡಿದಳು.

"ಇದನ್ನ ಹಿಡ್ಕೊಳ್ಳಿ" ಎಂದು ತನ್ನ ಕೈಚೀಲವನ್ನು ಭಾವನಿಗೆ ಕೊಟ್ಟು ಎದ್ದು ಹೋದಳು.

ವೇದಿಕೆ ಹತ್ತಿ, ಟೀಚರಮ್ಮನ ಕೈಹಿಡಿದು, ಎರಡನೆಯ ಚರಣದ ಮೊದಲ ಸಾಲು ಹಾಡಿದಳು. ನಮ್ಮ ಅಕ್ಕನ ಕಂಠ ಕೋಗಿಲೆಯದ್ದೇನಲ್ಲ. ಆದರೆ ಒಂದು ಶಬ್ದವೂ ತಪ್ಪಲಿಲ್ಲ. ಅಷ್ಟು ವರ್ಷ ಪಾತ್ರೆ ತೊಳೆಯುತ್ತ ಬೈದುಕೊಂಡೇ ಕಲಿತಿದ್ದಳು. ಗುಂಗುರುವಿಗೆ ಜೀವ ಬಂದು ಕೈ ಓಡಿತು. ಟೀಚರಮ್ಮ ಮುಂದಿನ ಸಾಲಿಗೆ ದನಿ ಸೇರಿಸಿದರು, ಅದರ ಮುಂದಿನದಕ್ಕೆ ತಾವೇ ಮುಂದಾದರು. ಹಾಡು ಮುಗಿದ ಮೇಲೆ ಅಕ್ಕ ಇಳಿಯಲು ನೋಡಿದಳು. ಟೀಚರಮ್ಮ ಕೈ ಬಿಡಲಿಲ್ಲ. ಇನ್ನೊಂದು ಹಾಡು ಶುರುವಾಯಿತು.

ಭಾವನ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಚೀಲ. ಅದನ್ನು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟರು.

ಅಷ್ಟರಲ್ಲಿ ಗಂಡಿನ ಕಡೆಯ ಸೋದರತ್ತೆಯೊಬ್ಬರು ಕುರ್ಚಿ ಹುಡುಕುತ್ತ ಬಂದರು. "ಇಲ್ಲಿ ಯಾರಾದ್ರೂ ಇದ್ದಾರಾ?"

"ಇದ್ದಾರೆ, ಬರ್ತಾರೆ" ಎಂದು ಭಾವ ಗದ್ದದಿಂದ ವೇದಿಕೆ ತೋರಿಸಿದರು.

ಅವರು ಬೇರೆ ಕಡೆ ಹೋದರು. ಭಾವ ಆ ಚೀಲವನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಇಷ್ಟು ವರ್ಷ ನಿಮ್ಮಕ್ಕ ಹೀಗೇ ಕೂತಿರ್ತಿದ್ಳಾ?"

"ಹೂಂ ಭಾವ, ಹೀಗೇ."

ಭಾವ ಚೀಲವನ್ನು ಕುರ್ಚಿಯ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕುರ್ಚಿಯನ್ನು ಅಂಗೈಯಿಂದ ಒಮ್ಮೆ ಒರೆಸಿ, ಅಕ್ಕ ಇಳಿದು ಬರುವವರೆಗೂ ಅದನ್ನು ಖಾಲಿ ಇಟ್ಟುಕೊಂಡು ಕಾದರು.